ಗೇರ್‌ಬಾಕ್ಸಿಗೆ ನೈಂಟಿ

“ನಮ್ಮ ಗಾಡಿಯ ಹೊಟ್ಟೆಗೆ ಏನು ಹಾಕಬೇಕು ಅಂತ ಯಾವ ಅಮೆರಿಕದ ಮೆಕ್ಯಾನಿಕ್ಕೂ ನನಗೆ ಹೇಳಿಕೊಡಬೇಕಾಗಿಲ್ಲ!”

ಎರಡು ಸಾವಿರನೇ ಇಸವಿಯ ಜನವರಿಯಲ್ಲಿ, ಒಂದು ಶುಕ್ರವಾರ, ಅಮೆರಿಕದ ಶಾಮ್‌ಬರ್ಗಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಿಂದ ನಾನು ಹೊರಡಿಸಿದ ಘೋಷಣೆ ಇದು. ಕೈಯಲ್ಲಿ ಸೌಟು ಇತ್ತು. ಸಭಿಕ ಒಬ್ಬನೇ, ನನ್ನ ಗಂಡ ತಿರುಮಲೇಶ. ಚಪ್ಪಾಳೆ ಬೀಳಲಿಲ್ಲ. ಉಪ್ಪಿಟ್ಟು ತಿನ್ನುತ್ತಿದ್ದ.

“ಮುನ್ನೂರು ಮೈಲಿ, ನಿರೂ,” ಅಂದ. “ಹೊರಡೋಕೆ ಮುಂಚೆ ಒಂದು ಸಲ ಶಾಪಿಗೆ ತೋರಿಸಿಬಿಡೋಣ.”

“ಏನಂತ ತೋರಿಸ್ತೀಯ? ಬೆಳಗ್ಗೆ ಬೆಳಗ್ಗೆ ಎರಡನೇ ಗೇರ್ ಸ್ವಲ್ಪ ಬಿಗಿ. ಅಷ್ಟೇ ತಾನೆ? ಈ ಚಳೀಲಿ ನಿನ್ನ ಮೊಣಕಾಲೂ ಬಿಗಿ. ನಿನ್ನನ್ನ ಶಾಪಿಗೆ ತೋರಿಸಿದ್ನಾ? ಗೇರ್ ಎಣ್ಣೆ ಹಳೇದಾಗಿದೆ. ನಾನೇ ಬದಲಾಯಿಸ್ತೀನಿ.”

ನಮ್ಮದು ಸರಳ ಮದುವೆ. ಹಾರ ಬದಲಾಯಿಸಿಕೊಂಡೆವು, ಜೊತೆಗೆ ‘ರೀ’ ಅನ್ನೋದನ್ನೂ ಕಿತ್ತು ಹಾಕಿದೆವು. ಆದ್ದರಿಂದ ಇಬ್ಬರೂ ನೀನು-ತಾನು ಅಂತಲೇ ಜಗಳ ಆಡುತ್ತೇವೆ. ನಿಜ ಹೇಳಬೇಕೆಂದರೆ ಆಡುವವಳು ನಾನು. ಅವನು ಉಪ್ಪಿಟ್ಟು ತಿನ್ನುತ್ತಾನೆ. ಇಸವಿ ಬದಲಾದೊಡನೆ ಲೆಕ್ಕ ತಪ್ಪಿಸುತ್ತದಂತೆ ಎಂಬ ವೈಟೂಕೆ ಗಂಡಾಂತರದಿಂದ ಕಂಪ್ಯೂಟರುಗಳನ್ನು ಕಾಪಾಡಲು ಡಿಸೆಂಬರಿಡೀ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದ. ಗಂಡಾಂತರ ಬರಲೇ ಇಲ್ಲ. ಆ ಖುಷಿಗೆ ಆಫೀಸಿನವರು ರಜೆ ಕೊಟ್ಟಿದ್ದರು. ಪಾಪ, ನಿಜವಾದ ಗಂಡಾಂತರ ಮನೆಯ ಗರಾಜಿನಲ್ಲಿ ಕಾಯುತ್ತಿದೆ ಅಂತ ಅವನಿಗೇನು ಗೊತ್ತು!

ಮುನ್ನೂರು ಮೈಲಿ ಯಾಕೆ ಅಂದರೆ, ಷಹನಾಜ್. ಹರಿಹರದಲ್ಲಿ ನಮ್ಮ ಹೆಂಗಸರ ಸಂಘ ಸಾರಾಯಿ ಅಂಗಡಿಗಳ ಮುಂದೆ ಧರಣಿ ಕೂತಾಗ ನನ್ನ ಎಡಕ್ಕೆ ಕೂರುತ್ತಿದ್ದವಳು. ನಾನು ಕೂಗುತ್ತಿದ್ದೆ, ಅವಳು ಯೋಚನೆ ಮಾಡುತ್ತಿದ್ದಳು. ಪೊಲೀಸ್ ವ್ಯಾನಿನಲ್ಲೂ ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚುವಷ್ಟು ತಣ್ಣನೆಯ ತಲೆ. ರಾಣೆಬೆನ್ನೂರಿನ ಮೆಹಬೂಬನನ್ನು ಮದುವೆಯಾದಳು. ಅವನು ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ, ಕಾರು ಕಂಪನಿಯೊಂದರ ದೊಡ್ಡ ತಾಂತ್ರಿಕ ಕೇಂದ್ರದಲ್ಲಿ ಎಂಜಿನಿಯರು. ಈಗ ಅವಳಿಗೆ ಚೊಚ್ಚಲ ಹೆರಿಗೆ. ಅಮ್ಮನಿಗೆ ವೀಸಾ ಸಿಗಲಿಲ್ಲ, ಅತ್ತೆಗೆ ಕಾಲು ನೋವು. ಫೋನಿನಲ್ಲಿ ಒಂದೇ ಮಾತು ಹೇಳಿದ್ದೆ: “ಬಾಣಂತನಕ್ಕೆ ನಾನಿದೀನಿ. ಶನಿವಾರ ನಿನ್ನ ಮನೇಲಿರ್ತೀನಿ.” ಮಾತಿಗೆ ತಪ್ಪುವುದು ಮಂತ್ರಿಗಳ ಕೆಲಸ. ನಮ್ಮದಲ್ಲ.

ಇನ್ನು ಗಾಡಿ. ಎಂಬತ್ತೇಳನೇ ಇಸವಿಯದು. ಒಂದು ಕಾಲಕ್ಕೆ ನೀಲಿ ಬಣ್ಣ ಇತ್ತಂತೆ. ಹಿಮ ಕರಗಿಸೋಕೆ ಇಲ್ಲಿಯವರು ರಸ್ತೆಗೆ ಎರಚುವ ಉಪ್ಪು ತಿಂದು ತಿಂದು ಬಾಗಿಲ ಕೆಳಗೆಲ್ಲ ತೂತು. ಆದರೂ ಉಪ್ಪು ತಿಂದ ಮನೆಗೆ ಎರಡು ಬಗೆದ ಗಾಡಿಯಲ್ಲ! ಎಂಥ ಚಳಿಯಲ್ಲೂ ಒಂದೇ ಕೀಲಿಗೆ ಎದ್ದು ಕೂರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದು ಗೇರಿನ ಗಾಡಿ. ಈ ದೇಶದಲ್ಲಿ ಕಾರು ಹತ್ತಿದ ಕೂಡಲೇ ಎಲ್ಲರ ಎಡಗಾಲೂ ನಿರುದ್ಯೋಗಿ. ನಮ್ಮ ಗಾಡಿಯಲ್ಲಿ ಮಾತ್ರ ಎಡಗಾಲಿಗೆ ಪೂರ್ತಿ ಕೆಲಸ. ನಾನು ಮೊದಲಿನಿಂದಲೂ ಎಡದವಳೇ. ನನಗೂ ಗಾಡಿಗೂ ಮೊದಲ ನೋಟದಲ್ಲೇ ಹೊಂದಿತು.

ಎಣ್ಣೆಯ ವಿಷಯದಲ್ಲಿ ನನ್ನ ಪಾಂಡಿತ್ಯ ಸಾಮಾನ್ಯವಾದ್ದಲ್ಲ. ಸಂಘದ ಜೀಪಿಗೆ ಡ್ರೈವರ್ ನಾನು, ಕ್ಲೀನರ್ ನಾನು, ಮೈಕಿನಲ್ಲಿ ಅರಚುವವಳೂ ನಾನೇ. ನಮ್ಮ ಕಡೆ ಲಾರಿ, ಟ್ರ್ಯಾಕ್ಟರು, ಜೀಪು, ಯಾವುದೇ ಇರಲಿ, ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಗೆ ಒಂದೇ ಹೆಸರು: ನೈಂಟಿ. ತೊಂಬತ್ತು ನಂಬರಿನ ದಪ್ಪ ಎಣ್ಣೆ. ಅಂಗಡಿಯವನಿಗೆ “ನೈಂಟಿ ಕೊಡಪ್ಪ” ಅಂದರೆ ಮುಗಿಯಿತು, ಯಾವ ಗಾಡಿ ಅಂತಲೂ ಕೇಳುವುದಿಲ್ಲ.

ಇಲ್ಲಿಯವನು ಕೇಳಿದ! ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ಬಿಳಿ ಗಡ್ಡದವನೊಬ್ಬ ನಿಂತಿದ್ದ. “ನೈಂಟಿ,” ಅಂದೆ.

“ಯಾವ ಗಾಡಿ ಮೇಡಂ? ಯಾವ ಇಸವಿ?” ಅಂತ ಅವನ ಇಂಗ್ಲಿಷಿನಲ್ಲಿ ಶುರು ಮಾಡಿದ. “ಹಳೇ ಮ್ಯಾನ್ಯುಯಲ್ ಗಾಡಿಗಳು ಒಂದೊಂದು ಒಂದೊಂದು ಥರ. ಕೆಲವಕ್ಕೆ ಗೇರ್ ಆಯಿಲ್. ಕೆಲವಕ್ಕೆ ಎಂಜಿನ್ ಆಯಿಲ್ಲೇ ಸಾಕು. ಕೆಲವಕ್ಕೆ ಆಟೋಮ್ಯಾಟಿಕ್ ಗಾಡಿಗೆ ಹಾಕುವ ತೆಳು ಎಣ್ಣೆ...”

ಗೇರಿನ ಗಾಡಿಗೆ ಆಟೋಮ್ಯಾಟಿಕ್ ಎಣ್ಣೆಯಂತೆ! ಮಡಿ ಉಟ್ಟ ಅಜ್ಜಿಗೆ ಮೀನಿನ ಸಾರು ಬಡಿಸಲಾ ಅಂತ ಕೇಳಿದ ಹಾಗಾಯಿತು. “ನೈಂಟಿ!” ಅಂತ ಕೌಂಟರ್ ಕುಟ್ಟಿದೆ.

ಅವನು ಎರಡು ಬಗೆಯ ಕ್ವಾರ್ಟ್ ಬಾಟಲಿ, ಅಂದರೆ ಹೆಚ್ಚುಕಡಿಮೆ ಲೀಟರಿನವು, ತಂದಿಟ್ಟ. ಒಂದರ ಮೇಲೆ ನಾಲ್ಕು, ಇನ್ನೊಂದರ ಮೇಲೆ ಐದು. ಹಳೇ ಗೇರ್‌ಬಾಕ್ಸಿನ ಒಳಗೆ ಹಿತ್ತಾಳೆಯ ಬಳೆಗಳಿರುತ್ತವೆ, ಗೇರು ಸಲೀಸಾಗಿ ಬೀಳುವುದು ಅವುಗಳಿಂದಲೇ, ಐದನೇ ನಂಬರಿನ ಮದ್ದು ಅವಕ್ಕೆ ಹಿಡಿಸುವುದಿಲ್ಲ, ನೈಂಟಿಯೇ ಬೇಕೆಂದರೆ ನಾಲ್ಕನೆಯದು ತಗೊಳ್ಳಿ ಅಂತ ಏನೇನೋ ಹೇಳಿದ. ನಾಲ್ಕಂತೆ! ನಾನು ನಾಲ್ಕನೇ ಕ್ಲಾಸು ದಾಟಿ ಐದಕ್ಕೆ ಹೋಗಿ ಎಷ್ಟು ಕಾಲವಾಯಿತು! ಐದರ ಬಾಟಲಿಗಳನ್ನೇ ಎತ್ತಿಕೊಂಡು ಬಂದು, “ಐದನೇ ಕ್ಲಾಸಿನ ಎಣ್ಣೆ!” ಅಂತ ತಿರುಮಲೇಶನಿಗೆ ತೋರಿಸಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಅಂತ ಗಾದೆ ಇದೆಯಲ್ಲ, ಅದನ್ನು ನನ್ನನ್ನು ನೋಡಿಯೇ ಮಾಡಿರಬೇಕು.

ಗರಾಜಿನಲ್ಲಿ ಗಾಡಿಯ ಮೂತಿಯನ್ನು ಇಳಿಜಾರು ದಿಮ್ಮಿಗಳ ಮೇಲೆ ಹತ್ತಿಸಿ, ಕೆಳಗೆ ರಟ್ಟು ಹಾಸಿಕೊಂಡು ಮಲಗಿದೆ. ತಿರುಮಲೇಶ ಮೇಲೆ ಲಾಳಿಕೆ, ಪೈಪು ಹಿಡಿದು ನಿಂತ.

“ಮೊದಲು ತುಂಬೋ ಬೋಲ್ಟು ಬಿಚ್ಚಬೇಕು, ಆಮೇಲೆ ಖಾಲಿ ಮಾಡೋ ಬೋಲ್ಟು,” ಅಂತ ಕೆಳಗಿನಿಂದಲೇ ಉಪನ್ಯಾಸ ಕೊಟ್ಟೆ. “ತುಂಬೋ ದಾರಿ ಗೊತ್ತಿಲ್ದೆ ಖಾಲಿ ಮಾಡಬಾರದು. ಇದು ಸರ್ಕಾರದ ಖಜಾನೆಗೂ ಅನ್ವಯಿಸುತ್ತೆ, ನೆನಪಿಟ್ಕೋ.”

ಖಾಲಿ ಮಾಡುವ ಬೋಲ್ಟು ಬಿಚ್ಚಿದೆ. ಸುರ್ರಂತ ಇಳಿಯಿತು. ನಾನು ಎದ್ದ ರಭಸಕ್ಕೆ ಹಣೆ ಸೈಲೆನ್ಸರಿಗೆ ಬಡಿಯಿತು. ಯಾಕೆಂದರೆ ಬಂದದ್ದು ಎಣ್ಣೆಯೇ ಅಲ್ಲ! ಕೆಂಪಗೆ, ತೆಳ್ಳಗೆ, ರೂಹ್ ಅಫ್ಜಾ ಶರಬತ್ತಿನ ಹಾಗೆ! ಬಣ್ಣ ಹಾಕಿದ ಕಳ್ಳ ಸಾರಾಯಿ ಎಷ್ಟು ನೋಡಿಲ್ಲ ನಾನು! ವಾಸನೆ ನೋಡಿಯೇ ಊರು ಹೇಳುತ್ತಿದ್ದೆ.

“ಕಲಬೆರಕೆ!” ಅಂತ ಕೂಗಿದೆ. “ಯಾವನೋ ಕಳ್ಳ ನನ್ನ ಮಗ ನಮ್ಮ ಗಾಡಿಗೆ ಬಣ್ಣದ ನೀರು ಹಾಕಿ ಮಾರಿದಾನೆ!”

“ನಿರೂ, ಅದು...” ಅಂದ ತಿರುಮಲೇಶ.

“ಕಲಬೆರಕೆಗೆ ಧಿಕ್ಕಾರ!”

“ಅಲ್ಲ ನಿರೂ, ಆ ಕೆಂಪು...”

“ಧಿಕ್ಕಾರ! ಧಿಕ್ಕಾರ! ನೀನು ಸುರಿ ನೈಂಟಿ!”

ಅವನು ಸುರಿದ. ದಪ್ಪ ಎಣ್ಣೆ, ನಿಧಾನ ಇಳಿಯುತ್ತಿತ್ತು. ಕೊಳೆತ ಮೊಟ್ಟೆಯ ಹಾಗೆ ಗಬ್ಬು ನಾತ. ಗಬ್ಬು ಇದ್ದಷ್ಟೂ ಮದ್ದು ಖಡಕ್ಕು ಅಂದುಕೊಂಡೆ. ಅಷ್ಟರಲ್ಲಿ ಫೋನ್ ಬಂತು. ತಿರುಮಲೇಶ ಬಗ್ಗಿ ಕಾರ್ಡ್‌ಲೆಸ್ಸನ್ನು ನನ್ನ ಕಿವಿಗೆ ಹಿಡಿದ. ನೇಪರ್‌ವಿಲ್ಲಿನ ಅನುರಾಧಾ ಆಂಟಿ, ಕನ್ನಡ ಕೂಟದ ಮಹಿಳಾ ವಿಭಾಗದವರು. ಮಾರ್ಚಿನ ಮಹಿಳಾ ದಿನಕ್ಕೆ ಸಾರಾಯಿ ವಿರುದ್ಧದ ಹೋರಾಟದ ಬಗ್ಗೆ ನನ್ನ ಭಾಷಣ ಇಟ್ಟುಕೊಂಡಿದ್ದರು. ತಲೆಬರಹ ಕೇಳಲು ಮಾಡಿದ್ದು.

“ಏನ್ ಮಾಡ್ತಿದೀಯಮ್ಮ ನಿರುಪಮಾ?”

“ನೈಂಟಿ ಹಾಕ್ತಿದೀನಿ ಆಂಟಿ.”

“ಏನಂದೆ?”

“ನೈಂಟಿ ಆಂಟಿ, ನೈಂಟಿ! ಒಂದು ಕ್ವಾರ್ಟ್ ಬಾಟ್ಲು ಖಾಲಿ ಆಯ್ತು. ಎರಡನೇದು ಅರ್ಧ ಇಳಿದಿದೆ.”

“ಒಬ್ಬಳೇನಾ?”

“ಇಲ್ಲ, ತಿರುಮಲೇಶನೇ ಸುರಿದು ಕೊಡ್ತಿದಾನೆ. ನಾನು ಕೆಳಗೆ ಮಲಗಿದೀನಿ.”

“ಅಯ್ಯೋ, ಆಗಲೇ ಕೆಳಗೆ ಮಲಗೋ ಹಾಗಾಗಿದೆಯಾ?”

“ಮತ್ತೆ, ನಿಂತ್ಕೊಂಡು ಆಗತ್ತಾ ಆಂಟಿ? ಮಲಗಿದ್ರೇನೇ ಸರಿಯಾಗಿ ಕಾಣ್ಸೋದು.”

“ಸಾಕು ಮಾಡಮ್ಮ. ನಾಳೆ ಡೆಟ್ರಾಯಿಟ್‌ಗೆ ಡ್ರೈವ್ ಮಾಡ್ತೀನಿ ಅಂದಿದ್ದೆ!”

“ಅದಕ್ಕೇ ಹಾಕ್ತಿರೋದು! ಇದಿಲ್ದೆ ಅಷ್ಟು ದೂರ ಓಡ್ಸೋಕಾಗತ್ತಾ? ಹೊರಗೆ ತುಳುಕೋವರೆಗೂ ಹಾಕ್ಬೇಕು ಆಂಟಿ. ಆಗಲೇ ಹೊಟ್ಟೆ ತುಂಬಿದೆ ಅಂತ ಗೊತ್ತಾಗೋದು.”

“ಇದು... ಯಾವಾಗಿಂದ ಅಭ್ಯಾಸ?”

“ಸಂಘದಲ್ಲಿದ್ದಾಗಿಂದ. ನಾವು ಹೆಂಗಸರೇ ಸೇರಿ ಹಾಕ್ತಿದ್ವಿ, ಗಂಡಸರನ್ನ ಹತ್ರ ಬಿಟ್ಕೊಳ್ತಿರ್ಲಿಲ್ಲ. ಆಗ ಷಹನಾಜ್ ಬಾಟ್ಲು ಹಿಡ್ಕೊಳ್ತಿದ್ದಳು.”

“ಸಂಘದಲ್ಲೇ!” ಅಂತ ಒಂದು ಕ್ಷೀಣ ಧ್ವನಿ ಬಂತು. “ಭಾಷಣದ ವಿಷಯ ಆಮೇಲೆ ಮಾತಾಡೋಣ ಕಣಮ್ಮ.” ಫೋನ್ ಇಟ್ಟರು.

“ಏನೋ ಅವಸರದಲ್ಲಿದಾರೆ ಪಾಪ,” ಅಂದೆ ನಾನು. ತಿರುಮಲೇಶ ಉಳಿದರ್ಧ ಬಾಟಲಿಯನ್ನೂ ಸುರಿದ.

ಕರ್ನಾಟಕದ ಬಾರುಗಳಲ್ಲಿ ತೊಂಬತ್ತು ಮಿಲಿಗೆ ಏನನ್ನುತ್ತಾರೆ ಅಂತ ಸಾರಾಯಿ ವಿರುದ್ಧ ಲಾಠಿ ತಿಂದವಳಾದ ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ! ಆಂಟಿಗೆ ನೆನಪಾಯಿತು. ಸುದ್ದಿ ಆ ಸಂಜೆಯೇ ಹೊರಟಿತಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಹೈವೇ ತೊಂಬತ್ತನಾಲ್ಕು ಹಿಡಿದು, ಒಂದೊಂದು ಎಕ್ಸಿಟ್ಟಿನ ಕನ್ನಡ ಮನೆಯಲ್ಲೂ ಇಳಿದು, ಕಾಫಿ ಕುಡಿದು, ಮೈ ತುಂಬಿಕೊಂಡು ಹೋಯಿತು. ನೇಪರ್‌ವಿಲ್ಲಿನಲ್ಲಿ ಎರಡಿದ್ದ ಬಾಟಲಿ ಕಲಮಜೂ ದಾಟುವಾಗ ನಾಲ್ಕಾಗಿತ್ತು. ಆನ್ ಆರ್ಬರಿನಲ್ಲಿ ನಾನು ಗರಾಜಿನ ನೆಲದ ಮೇಲೆ ಹೊರಳಾಡುತ್ತ ಘೋಷಣೆ ಕೂಗುತ್ತಿದ್ದೆ. ಇದೊಂದು ಮಾತ್ರ ನಿಜ. ವಾರೆನ್ ಮುಟ್ಟುವ ಹೊತ್ತಿಗೆ ನನ್ನ ಗಂಡ ಲಾಳಿಕೆ ಇಟ್ಟು ನನ್ನ ಬಾಯಿಗೆ ಸುರಿಯುತ್ತಿದ್ದ!

ಇತ್ತ ನಾನು ಬಿಸಿ ಎಂಜಿನ್ನಿನಲ್ಲಿ ಗಾಡಿಯನ್ನು ಬೀದಿಯ ಸುತ್ತ ಓಡಿಸಿ ಬಂದೆ. ಗೇರು ಬೆಣ್ಣೆ! “ನೋಡು, ಹೋರಾಟದ ಅನುಭವ ಅಂದ್ರೆ ಇದು!” ಅಂತ ಗಾಡಿಯನ್ನು ಮೆರೆಸಲು ಗರಾಜಿನ ಹೊರಗೇ ನಿಲ್ಲಿಸಿದೆ. ಗಾಡಿಗೆ ಮೆರವಣಿಗೆ ಯೋಗ ಬಂದಿದ್ದು ಮರುದಿನ.

ಬೆಳಗ್ಗೆ ಮೆಹಬೂಬನ ಫೋನ್. “ಅಕ್ಕಾರ, ಷಹನಾಜಗ ಬ್ಯಾನಿ ಶುರು ಆಗ್ಯಾವರಿ. ಆಸ್ಪತ್ರ್ಯಾಗ ಸೇರಿಸೇನಿ.”

ತಾರೀಕಿಗಿಂತ ಮೊದಲೇ! “ಈಗಲೇ ಹೊರಟೆ ಕಣಪ್ಪ!”

“ಅಲ್ರಿ ಅಕ್ಕಾರ... ನೀವು ಆರಾಮ ಅದೀರಲ್ಲ? ತಲಿ-ಗಿಲಿ ಸುತ್ತಾಕತ್ತಿಲ್ಲಲ್ಲ? ಅವಸರ ಮಾಡಬ್ಯಾಡ್ರಿ. ಪೂರಾ ಇಳದ ಮ್ಯಾಲ ಹೊರಡ್ರಿ.”

“ಏನ್ ಇಳೀಬೇಕು?”

ಪಾಪದ ಹುಡುಗ ತಡವರಿಸಿದ. “ಚಳಿ ಅಕ್ಕಾರ... ಚಳಿ.”

ಚಳಿ ಅಂದರೆ ಅದು ಚಳಿಯೇ ಅಲ್ಲ. ಫ್ಯಾರನ್‌ಹೀಟಿನಲ್ಲೂ ಸೊನ್ನೆಗಿಂತ ಕೆಳಗೆ. ಮೂಗಿನೊಳಗಿನ ಕೂದಲು ತಂತಿಯಾಗುವ ಚಳಿ. ಬಾಣಂತಿಗೆ ಮಾಡಿಟ್ಟ ಅಂಟಿನುಂಡೆ, ಮೆಣಸು, ಶುಂಠಿ ಎಲ್ಲ ಹೇರಿಕೊಂಡು ಗಾಡಿ ಹತ್ತಿದೆ. ಕೀಲಿ ತಿರುಗಿಸಿದೆ. ಎಂದಿನಂತೆ ಎದ್ದು ಕೂತಿತು, ನಿಯತ್ತಿನ ಪ್ರಾಣಿ. ಕ್ಲಚ್ ಒತ್ತಿ ಗೇರು ಎಳೆದೆ.

ಬರಲಿಲ್ಲ.

ಕುರ್ಚಿ ಬಿಡದ ಮಂತ್ರಿಯ ಹಾಗೆ ಗೇರಿನ ಹಿಡಿ ನ್ಯೂಟ್ರಲ್ಲಿನಲ್ಲೇ ಕೂತಿತ್ತು. ಹರಿಹರದ ಬಿಸಿಲಿಗೆ ಹದವಾಗಿದ್ದ ನೈಂಟಿ ಶಾಮ್‌ಬರ್ಗಿನ ಚಳಿಗೆ ಜೋನಿಬೆಲ್ಲವಾಗಿತ್ತು! ಎರಡೂ ಕೈ ಹಾಕಿ ಎಳೆದೆ. ತಿರುಮಲೇಶನೂ ಕೈ ಹಾಕಿದ. “ಐಸಾ!” ಅಂದೆ. “ಹೈಸಾ!” ಅಂದ. ಮೊದಲನೇ ಗೇರು ಬಿತ್ತು. ಎರಡನೆಯದಕ್ಕೆ ಎಳೆದರೆ ‘ಕರ್ರ್‌ರ್’ ಅಂತ ಹಲ್ಲು ಕಡಿಯಿತು. ನನಗೂ ಷಹನಾಜಳಿಗೂ ನಡುವೆ ಮುನ್ನೂರು ಮೈಲಿ, ನನ್ನ ಕೈಯಲ್ಲಿ ಒಂದೇ ಗೇರು.

“ಹೋಗೋಣ,” ಅಂದೆ.

“ಮೊದಲನೇ ಗೇರಲ್ಲಾ?”

“ದಂಡಿಗೆ ನಡ್ಕೊಂಡು ಹೋಗಲಿಲ್ವಾ ಜನ? ಬಿಸಿಯಾದ ಮೇಲೆ ಸರಿಹೋಗತ್ತೆ ಬಿಡು!”

ಹಿಗ್ಗಿನ್ಸ್ ರೋಡಿನಲ್ಲಿ ಹೊರಟಿತು ನಮ್ಮ ಜಾಥಾ. ಎಂಜಿನ್ನು ಆರ್ಭಟಿಸುತ್ತಿದೆ, ಗಾಡಿ ಎಮ್ಮೆಯ ಹಾಗೆ ನಡೆಯುತ್ತಿದೆ. ಹಿಂದೆ ಕಾರುಗಳ ಸಾಲು ಹನುಮಂತನ ಬಾಲ. ಹಾರ್ನು ಹೊಡೆದರು, ಬೆರಳು ತೋರಿಸಿದರು. ನಾನೂ ಕೈ ಬೀಸಿದೆ. ಜಾಥಾದಲ್ಲಿ ಜನರಿಗೆ ಕೈ ಬೀಸಿ ಅಭ್ಯಾಸ. ಕೊನೆಗೆ ಹಿಂದಿನಿಂದ ಕೆಂಪು-ನೀಲಿ ದೀಪ. ಪೊಲೀಸ್!

ಕಿಟಕಿ ಇಳಿಸಿದೆ. ಅವನು ನನ್ನನ್ನು ನೋಡಿದ, ಹಣೆಯ ಗಾಯ ನೋಡಿದ, ಚಳಿಗೆ ಕೆಂಪಾದ ಕಣ್ಣು ನೋಡಿದ. “ಮೇಡಂ, ಏನಾದರೂ ಕುಡಿದಿದ್ದೀರಾ?”

ಯಾರಿಗೆ? ಯಾರಿಗೆ ಈ ಪ್ರಶ್ನೆ! ಹೊನ್ನಾಳಿ ರಸ್ತೆಯ ಸಾರಾಯಿ ಡಿಪೋಗೆ ಬೀಗ ಜಡಿಸಿದವಳಿಗೆ! ಬಾಯಿಗೆ ಇಂಗ್ಲಿಷ್ ಬರಲಿಲ್ಲ, ಕನ್ನಡದ ಬೈಗುಳ ತುದಿನಾಲಿಗೆಗೆ ಬಂತು. ಅಷ್ಟರಲ್ಲಿ ನನ್ನ ಗಂಡ ಅತ್ತಲಿಂದ ಬಗ್ಗಿ, ಅದೇ ಉಪ್ಪಿಟ್ಟು ತಿನ್ನುವ ಧ್ವನಿಯಲ್ಲಿ ಹೇಳಿದ: “ಇಲ್ಲ ಆಫೀಸರ್. ಕುಡಿದಿರೋದು ಕಾರು. ನನ್ನ ಹೆಂಡತಿ ಬರೀ ಬಡಿಸಿದಳು.”

ಆಮೇಲೆ ಅವನೇ ಎಲ್ಲ ವಿವರಿಸಿದ. ಗೆಳತಿ, ಹೆರಿಗೆ, ಮುನ್ನೂರು ಮೈಲಿ, ದಪ್ಪ ಎಣ್ಣೆ. ಪೊಲೀಸಿನವನು ಟೋಪಿ ಎತ್ತಿ ತಲೆ ಕೆರೆದುಕೊಂಡ. ಅದೇ ಬಿಡಿಭಾಗದ ಅಂಗಡಿಯವರೆಗೆ ದೀಪ ಮಿನುಗಿಸುತ್ತ ನಮ್ಮ ಹಿಂದೆಯೇ ಬಂದ. ಜೀವಮಾನವಿಡೀ ಪೊಲೀಸರು ನನ್ನ ಹಿಂದೆ ಬಿದ್ದದ್ದು ಲಾಠಿ ಹಿಡಿದು. ಬೆಂಗಾವಲಾಗಿ ಬಂದದ್ದು ಅದೇ ಮೊದಲು!

ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ತಿರುಮಲೇಶ ಕೇಳಿದ:

“ನೆನ್ನೆ ಹೊರಗೆ ಬಂದದ್ದು ಯಾವ ಬಣ್ಣ?”

“ಕೆಂಪು.”

“ನಾನೇ ಹಾಕಿದ್ದು. ನೀನು ಈ ದೇಶಕ್ಕೆ ಬರೋಕೆ ಮುಂಚೆ. ಆಟೋಮ್ಯಾಟಿಕ್ ಗಾಡಿ ಎಣ್ಣೆ. ಈ ಗೇರ್‌ಬಾಕ್ಸಿಗೆ ಗಾಡಿ ಮಾಡಿದವರು ಹೇಳಿರೋದೇ ಅದು. ಚಳೀಲೂ ತೆಳ್ಳಗೇ ಇರತ್ತೆ.”

ನನಗೆ ಬೆಂಕಿ ಹತ್ತಿತು. “ಮತ್ತೆ ನೆನ್ನೆ ಬಾಯಲ್ಲಿ ಏನಿಟ್ಕೊಂಡಿದ್ದೆ? ಹೇಳೋಕೇನು ಧಾಡಿ?”

“ಹೇಳೋಕೆ ಬಂದೆ. ನೀನು ಧಿಕ್ಕಾರ ಕೂಗ್ತಿದ್ದೆ. ಧಿಕ್ಕಾರ ಕೂಗೋವಾಗ ಮಧ್ಯೆ ಬಾಯಿ ಹಾಕಿದ್ರೆ ಚಳವಳಿ ಒಡೆಯತ್ತೆ ಅಂತ ಮದುವೆಯಾದ ವಾರವೇ ನೀನು ನನಗೆ ಹೇಳಿಕೊಟ್ಟಿದ್ದು.”

ಸುಡು ಅತ್ತ! ಬಾಗಿಲು ಧಡಾರನೆ ಹಾಕಿ ಅಂಗಡಿಯ ಕಡೆ ನಡೆದೆ.

ಒಳಗಿನಿಂದ ಬಿಳಿ ಗಡ್ಡದವನು ನಮ್ಮನ್ನು ಗಾಜಿನಲ್ಲೇ ನೋಡಿದ್ದ. ನಾನು ಹೋಗುವಷ್ಟರಲ್ಲಿ ಕೌಂಟರಿನ ಮೇಲೆ ಕೆಂಪು ಎಣ್ಣೆಯ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದು ಮಾತೂ ಆಡಲಿಲ್ಲ. ಎಣ್ಣೆ ಹಿಡಿಯಲು ಖಾಲಿ ಬಾಣಲೆಯೊಂದನ್ನು ತಳ್ಳಿದ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು!

ಮುಂದಿನದನ್ನು ಹೊಗಳದೆ ಬರೆಯಲು ನನ್ನಿಂದ ಆಗದು. ಆಸ್ಪತ್ರೆಗೆ ಹೋಗಬೇಕೆಂದು ಇದ್ದುದರಲ್ಲೇ ಒಳ್ಳೆಯ ಕೋಟು ತೊಟ್ಟಿದ್ದ ನನ್ನ ಗಂಡ ಅದೇ ಕೋಟಿನಲ್ಲಿ ಹಿಮದ ಮೇಲೆ ಅಂಗಾತ ಮಲಗಿದ. ಕೈಗವಸು ಕಳಚಿಟ್ಟು ಬೋಲ್ಟು ಬಿಚ್ಚಿದ. ನೈಂಟಿ ಇಳಿಯತೊಡಗಿತು. ಇಳಿಯಿತು ಅನ್ನುವುದಕ್ಕಿಂತ ಜೋತು ಬಿತ್ತು ಅನ್ನಬೇಕು. ಸಂಘದ ನಿರ್ಣಯ ಸರ್ಕಾರಕ್ಕೆ ಮುಟ್ಟುವ ವೇಗದಲ್ಲಿ ತೊಟ್ಟು, ತೊಟ್ಟು. ಅವನ ಹುಬ್ಬಿನ ಮೇಲೆ ಹಿಮ ಕಟ್ಟಿತು, ತೋಳೊಳಗೆ ಗಬ್ಬು ಎಣ್ಣೆ ಹರಿಯಿತು. ಒಂದು ಸಲವೂ ಹಲ್ಲು ಕಚ್ಚಲಿಲ್ಲ, ನನ್ನನ್ನು ಬೈಯಲಿಲ್ಲ. ಎಂಥೆಂಥ ಧುರೀಣರನ್ನು ನೋಡಿದ್ದೇನೆ ನಾನು. ಉಪವಾಸ ಕೂತು ಎಳನೀರು ಕುಡಿದವರು, ಬಂಧನ ಆಗುವ ಮುಂಚೆ ಫೋಟೋದವನು ಬಂದನಾ ಅಂತ ಕೇಳಿದವರು. ಚಪ್ಪಾಳೆ ಇಲ್ಲದೆ, ಮಾಲೆ ಇಲ್ಲದೆ, ಹೆಂಡತಿಯ ಮೂರ್ಖತನದ ಕೆಳಗೆ ಹಿಮದಲ್ಲಿ ಮಲಗಿದ ಸತ್ಯಾಗ್ರಹಿ ಇವನೊಬ್ಬನೇ! ನಾನು ಬಾಣಲೆ ಹಿಡಿದುಕೊಂಡೆ. ಅದೂ ಕಲಿಯಬೇಕಾದ ಕೆಲಸವೇ.

“ಐದನೇ ಕ್ಲಾಸಿನ ಎಣ್ಣೆ ಅಂದ್ಯಲ್ಲ,” ಅಂದ ಕೆಳಗಿನಿಂದ. “ಫೇಲು.”

ಕೆಂಪು ಎಣ್ಣೆ ತುಳುಕುವವರೆಗೆ ತುಂಬಿ ಬೋಲ್ಟು ಬಿಗಿದ. ಎದ್ದು ಬಂದು ಕೀಲಿಯನ್ನು ನನ್ನ ಕೈಗೇ ಹಾಕಿದ. “ನೀನೇ ಓಡಿಸು. ನನ್ನ ಬೆರಳು ಮರಗಟ್ಟಿ ನನಗೇ ಗೊತ್ತಾಗ್ತಿಲ್ಲ.”

ಗೇರು ಎಳೆದೆ. ಒಂದು. ಎರಡು. ಮೂರು! ಬಾಗಿಲ ಸಂದಿನಲ್ಲಿ ಬೆಕ್ಕು ದಾಟಿದ ಹಾಗೆ ಸದ್ದಿಲ್ಲದೆ ಬಿದ್ದವು. ಹೊಟ್ಟೆ ಕೆಡಿಸಿದವಳನ್ನೇ ಹೊತ್ತುಕೊಂಡು, ಮುನಿಸಿಲ್ಲದೆ ಗಾಡಿ ಓಡಿತು. ಮುನ್ನೂರು ಮೈಲಿಯುದ್ದಕ್ಕೂ ಒಂದು ಕೊಂಕೂ ಇಲ್ಲ. ನಮ್ಮ ಚಳವಳಿಯಲ್ಲಿ ಇಂಥ ಕಾರ್ಯಕರ್ತೆಯರು ಹತ್ತು ಜನ ಇದ್ದಿದ್ದರೆ!

ಆದರೆ ಮಗು ನಮಗಾಗಿ ಕಾಯಲಿಲ್ಲ. ವಾರೆನ್ನಿನ ಆಸ್ಪತ್ರೆ ಮುಟ್ಟಿದಾಗ ಸಂಜೆ. ಹುಡುಗಿ, ಆಯತ್, ಮಧ್ಯಾಹ್ನವೇ ಹುಟ್ಟಿದ್ದಳು. ಷಹನಾಜಳ ಕೈ ಹಿಡಿದು ನಿಂತಿರಬೇಕಾಗಿದ್ದ ಹೊತ್ತಿನಲ್ಲಿ ನಾನು ಅಂಗಡಿ ಮುಂದೆ ಬಾಣಲೆ ಹಿಡಿದು ನಿಂತಿದ್ದೆ.

ಮೆಹಬೂಬ್ ಮೊಗಸಾಲೆಯಲ್ಲೇ ಎದುರಾದ. ಹತ್ತಿರ ಬಂದ. ವಿಚಿತ್ರವಾಗಿ ಇನ್ನೂ ಹತ್ತಿರ ಬಂದ. ಮೂಗು ಅರಳಿಸಿದ. ಅವನ ಮುಖ ಬೆಳಗಿತು.

“ಅಕ್ಕಾರ! ಇದು ಗೇರ್ ಆಯಿಲ್ ವಾಸ್ನಿ ಅಲ್ಲೇನ್ರಿ!”

“ಮತ್ತೇನು ಮಲ್ಲಿಗೆ ಮುಡ್ಕೊಂಡು ಬರ್ತೀನಿ ಅಂದ್ಕೊಂಡ್ಯಾ?”

“ಹಂಗಾರ ನೈಂಟಿ ಅಂದ್ರ...”

“ಗೇರ್ ಎಣ್ಣೆ ಕಣಪ್ಪ! ಎರಡು ಕ್ವಾರ್ಟ್!”

“ಅಲ್ಲಿ ಮಂದಿ ನಾಲ್ಕು ಕ್ವಾರ್ಟರ್ ಅಂದ್ರಲ್ಲರಿ!” ಅಂದವನು ಗೋಡೆ ಹಿಡಿದುಕೊಂಡು ನಕ್ಕ. ಆಗ ಗೊತ್ತಾಯಿತು ನನಗೆ, ಹೈವೇಗುಂಟ ನನ್ನ ಕೀರ್ತಿ ನನಗಿಂತ ಮುಂಚೆ ಓಡಿದ್ದು. ಗೇರು ಸರಿ ಇದ್ದ ಗಾಡಿಯಲ್ಲವೆ ಅದು! ಭಾಷಣದ ಜಾಗಕ್ಕೆ ಅನುರಾಧಾ ಆಂಟಿ ಮಕ್ಕಳ ಛದ್ಮವೇಷವನ್ನೂ ಹಾಕಿಯಾಗಿತ್ತಂತೆ.

ಒಳಗೆ ಷಹನಾಜ್ ಮಲಗಿದ್ದಳು. ಸುಸ್ತಾಗಿದ್ದಳು, ಆದರೆ ಕಣ್ಣಲ್ಲಿ ಅದೇ ಪೊಲೀಸ್ ವ್ಯಾನಿನ ತಣ್ಣಗಿನ ನಗು.

“ಬಾ ಲೀಡರ್. ಬೇನೆ ಮಧ್ಯೆ ಇವರು ಬಂದು ಹೇಳಿದ್ರು, ನಿಮ್ಮ ನಿರುಪಮಾ ಅಕ್ಕ ಕುಡಿಯೋಕೆ ಶುರು ಮಾಡಿದಾರಂತೆ ಅಂತ. ಎರಡು ರಾಜ್ಯ ನಂಬ್ತಂತೆ ಕಣೇ. ನಾನು ನಂಬ್ಲಿಲ್ಲ.”

ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಹೋರಾಟದ ಗೆಳೆತನ ಅಂದರೆ ಇದು! ಬೇನೆ ತಿನ್ನುವಾಗಲೂ ಗೆಳತಿಯ ಮಾನ ಬಿಟ್ಟುಕೊಡದ ಹೆಣ್ಣು! “ಏನಂದೆ ನೀನು?” ಅಂದೆ.

“ಅವಳು ಎಣ್ಣೆ ಕುಡಿಯೋಳಲ್ಲ, ಬೇರೆ ಯಾರಿಗೋ ತಪ್ಪು ಎಣ್ಣೆ ಕುಡಿಸಿರ್ತಾಳೆ ಅಂದೆ.”

ಹಿಡಿದ ಕೈ ತಕ್ಷಣ ಬಿಟ್ಟೆ.

ಇರಲಿ. ಕೊಟ್ಟ ಮಾತು ಬಾಣಂತನದ್ದು, ಅದಿನ್ನೂ ಬಾಕಿ ಇತ್ತು. ತಾಯಿ-ಮಗಳು ಮನೆಗೆ ಬಂದರು. ಮೊದಲ ದಿನದ ಎಣ್ಣೆ-ನೀರು. ಬಚ್ಚಲಿನಲ್ಲಿ ಬಿಸಿನೀರು ಹದ ಮಾಡಿ, ಸೀರೆ ಮೇಲೆ ಕಟ್ಟಿ, ಕಾಲು ಚಾಚಿ ಕೂತೆ. ಆಯತ್‌ಳನ್ನು ಕಾಲ ಮೇಲೆ ಮಲಗಿಸಿಕೊಂಡೆ. ಮೆತ್ತಗೆ, ಬೆಚ್ಚಗೆ, ಮುಷ್ಟಿ ಕಟ್ಟಿಕೊಂಡು ಮಲಗಿತ್ತು ಕೂಸು, ಹುಟ್ಟು ಹೋರಾಟಗಾರ್ತಿ.

“ಎಣ್ಣೆ ತಗೊಂಬನ್ನಿ!” ಅಂತ ಕೂಗಿದೆ.

ಬಾಗಿಲ ಹೊರಗೆ ಪಿಸುಪಿಸು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಮಂಚದಿಂದ ಷಹನಾಜಳ ಧ್ವನಿ ಕೇಳಿತು.

“ರೀ, ನೀವು ಮೂಸಿ ನೋಡಿದ್ರಾ?”

“ನೋಡೇನಿ,” ಅಂದ ಮೆಹಬೂಬ್.

“ತಿರುಮಲೇಶಣ್ಣ, ನೀವು ಕೈಗೆ ಹಚ್ಚಿ ನೋಡಿದ್ರಾ?”

“ಇಬ್ಬರೂ ಹಚ್ಚಿ ನೋಡಿದ್ವಿ. ಕೊಬ್ಬರಿ ಎಣ್ಣೆಯೇ.”

“ಹಾಗಾದ್ರೆ ಲೀಡರ್‌ಗೆ ಕೊಡಿ,” ಅಂದಳು ಷಹನಾಜ್. “ಆದ್ರೆ ಬಟ್ಟಲು ಮಾತ್ರ ಕೊಡಿ, ಬಾಟ್ಲು ಕೊಡಬೇಡಿ!”